ಗ್ಯಾಂಗ್‌ಸ್ಟರ್ ಸಿನಿಮಾ ಬರೆಯುವವರು ಮೊದಲು ಲೆಕ್ಕ ಬರೆಯಲಿ

ನಮ್ಮ ಬಳ್ಳಾರಿಯ ಹುಡುಗರು ಬರೆಯುವ ಗ್ಯಾಂಗ್‌ಸ್ಟರ್ ಚಿತ್ರಕಥೆಗಳ ಮೊದಲ ಪುಟ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಕೆಂಪು ಧೂಳು ಏಳುತ್ತದೆ. ಧೂಳಿನೊಳಗಿಂದ ಬೂಟು ಕಾಣುತ್ತದೆ, ಆಮೇಲೆ ಮಚ್ಚು, ಆಮೇಲೆ ಗಡ್ಡ. ಯಾರೋ ಒಬ್ಬ ಮುದುಕ ನಡುಗುತ್ತ ‘ಅವನು ಬಂದ’ ಎನ್ನುತ್ತಾನೆ. ಓದಿದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ಇವನಿಗೆ ದುಡ್ಡು ಎಲ್ಲಿಂದ ಬರುತ್ತದೆ? ಇವನ ಹಿಂದೆ ಕೈಕಟ್ಟಿ ನಿಂತವರಿಗೆ ತಿಂಗಳ ಸಂಬಳ ಕೊಡುವವರು ಯಾರು? ಬರೆದವರು ಅದನ್ನು ಯೋಚಿಸಿರುವುದೇ ಇಲ್ಲ.

ನಾನು ಸಿನಿಮಾದವಳಲ್ಲ. ಕಬ್ಬಿಣದ ಅದಿರಿನ ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಹೊಸಪೇಟೆ ರಸ್ತೆಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಟ್ರಿಪ್ ಶೀಟ್ ಬರೆಯುತ್ತಿದ್ದೆ. ಈಗ ಜೀನ್ಸ್ ಹೊಲಿಯುವ ಘಟಕಗಳಿಗೆ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತೇನೆ. ಭಾನುವಾರ ಕೆಲವು ಹುಡುಗ ಹುಡುಗಿಯರು ನಮ್ಮ ಮನೆಯ ಮಾಳಿಗೆಯ ಕೋಣೆಗೆ ಬರುತ್ತಾರೆ. ಸಿನಿಮಾ ನೋಡುತ್ತೇವೆ, ವಾದ ಮಾಡುತ್ತೇವೆ, ತಾವು ಬರೆದದ್ದನ್ನು ಅವರು ಓದುತ್ತಾರೆ. ‘ಅಕ್ಕಾ, ಫೈಟ್ ಎಲ್ಲಿ ಇಡಬೇಕು?’ ಎಂದು ಕೇಳುವವರೇ ಹೆಚ್ಚು. ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಈ ಪ್ರಕಾರದ ರೂಢಿಗಳನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಏರಿಕೆ, ಇಳಿಕೆ, ನಂಬಿದವನ ದ್ರೋಹ, ತಾಯಿಯ ಕಣ್ಣೀರು ಇವೆಲ್ಲ ಇರುತ್ತವೆ ಎಂಬ ಭರವಸೆಯಿಂದಲೇ ಪ್ರೇಕ್ಷಕ ಟಿಕೆಟ್ ಕೊಳ್ಳುತ್ತಾನೆ. ಆದರೆ ಒಂದೊಂದು ರೂಢಿಯ ಹಿಂದೆಯೂ ಕೊಡುವ ಪಡೆಯುವ ಲೆಕ್ಕವೊಂದು ಅಡಗಿದೆ. ಆ ಲೆಕ್ಕ ಹಿಡಿದವರು ಶಿಕಾಗೋದ ರೂಢಿಯನ್ನು ಸಿರುಗುಪ್ಪಕ್ಕೂ ತರಬಲ್ಲರು. ಹಿಡಿಯದವರು ಧೂಳು, ಬೂಟು, ಗಡ್ಡದಲ್ಲೇ ಉಳಿಯುತ್ತಾರೆ.

ದಂಧೆ ಯಾವುದು?

ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧವಿತ್ತು. ಕುಡಿಯುವವರು ಕುಡಿಯುವುದನ್ನು ಬಿಡಲಿಲ್ಲ, ಮಾರುವ ಕೆಲಸ ಮಾತ್ರ ಬೇರೆಯವರ ಪಾಲಾಯಿತು. ಶಿಕಾಗೋದಂಥ ನಗರಗಳ ಪತ್ರಿಕೆಗಳಲ್ಲಿ ದಿನವೂ ಅವರದೇ ಸುದ್ದಿ. ಅದೇ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂದಿತ್ತು. ಗುಂಡಿನ ಸದ್ದು, ಕಾರಿನ ಚಕ್ರದ ಕಿರುಚಾಟ, ಪಟಪಟ ಮಾತು ಎಲ್ಲವೂ ಪರದೆಯ ಮೇಲೆ ಕೇಳಿಸತೊಡಗಿದ್ದವು. 1931ರಲ್ಲಿ ‘ಲಿಟಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, 1932ರಲ್ಲಿ ‘ಸ್ಕಾರ್‌ಫೇಸ್’ ಬಂದವು. ಅದಕ್ಕೂ ಮುಂಚೆ ಕಳ್ಳಕಾಕರ ಚಿತ್ರಗಳು ಇರಲಿಲ್ಲವೆಂದಲ್ಲ. ಆದರೆ ಇಂದಿಗೂ ನಡೆಯುತ್ತಿರುವ ಅಚ್ಚು ಗಟ್ಟಿಯಾದದ್ದು ಈ ಮೂರರಲ್ಲಿ.

ಮುಂಬೈಯ ಕಥೆಗಳಲ್ಲಿ ಮದ್ಯದ ಜಾಗಕ್ಕೆ ಚಿನ್ನ ಬಂತು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೂ ಚಿನ್ನದ ಬಿಸ್ಕತ್ತು ಹಿಂದಿ ಸಿನಿಮಾದ ಖಾಯಂ ಪಾತ್ರವಾಗಿತ್ತು. ಬಂದರಿನ ಕೂಲಿಯಾಳು ಕಳ್ಳಸಾಗಣೆಯ ದೊರೆಯಾಗುವ ‘ದೀವಾರ್’ 1975ರದು. ಎರಡು ಕಡೆಯೂ ಬೀಜ ಒಂದೇ. ಜನರಿಗೆ ಒಂದು ವಸ್ತು ಬೇಕು, ಕಾನೂನು ಅದಕ್ಕೆ ಬೇಲಿ ಹಾಕಿದೆ. ಬೇಲಿಯಲ್ಲಿ ಕಿಂಡಿ ಕೊರೆಯುವವನೇ ನಿಮ್ಮ ನಾಯಕ.

ಈಗ ನಮ್ಮ ಕಡೆಗೆ ಬನ್ನಿ. ತುಂಗಭದ್ರೆಯ ಮರಳಿದೆ. ಗಂಗಾವತಿಯ ಸುತ್ತ ಅಕ್ಕಿ ಗಿರಣಿಗಳಿವೆ. ಪಡಿತರದ ಅಕ್ಕಿ ಪಾಲಿಶ್ ಆಗಿ ಬೇರೆ ಚೀಲ ಸೇರುವ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ. ಮಟ್ಕಾ ಇದೆ, ಐಪಿಎಲ್ ಬೆಟ್ಟಿಂಗ್ ಇದೆ. ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದನ್ನೇ ಆರಿಸಿಕೊಳ್ಳಿ. ‘ಎಲ್ಲ ದಂಧೆಯೂ ಇವನದೇ’ ಎಂದು ಬರೆದರೆ ಯಾವ ದಂಧೆಯೂ ಪರದೆಯ ಮೇಲೆ ಕಾಣುವುದಿಲ್ಲ. ರಾಯಚೂರಿನಿಂದ ಬರುವ ಒಬ್ಬ ಹುಡುಗ ಹಟ್ಟಿಯ ಚಿನ್ನದ ಗಣಿಯಲ್ಲಿ ಕಥೆ ಇಡುತ್ತೇನೆಂದು ಹಟ ಹಿಡಿದಿದ್ದ. ‘ಕೆಜಿಎಫ್’ ನೋಡಿದ ಅಮಲು. ಹಟ್ಟಿಯದು ಇವತ್ತಿಗೂ ನಡೆಯುತ್ತಿರುವ ಸರ್ಕಾರಿ ಕಂಪನಿ. ಅಲ್ಲಿ ಹಾಜರಿ ಪುಸ್ತಕ, ಪಾಳಿ, ಕಾರ್ಮಿಕ ಸಂಘ ಎಲ್ಲ ಇವೆ. ಅದರ ಕಥೆ ಬೇಕಾದರೆ ಆ ಹಾಜರಿ ಪುಸ್ತಕದಿಂದಲೇ ಶುರುಮಾಡು ಎಂದೆ. ಅವನಿಗೆ ಹಿಡಿಸಲಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಅದಿರು, ಹಾಗಾಗಿ ಅದನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ಮೇಲೆದ್ದಿತು. ಅದುವರೆಗೆ ಯಾರಿಗೂ ಬೇಡವಾಗಿದ್ದ ಅದಿರಿನ ಪುಡಿಗೂ ಗಿರಾಕಿ ಬಂದರು. ಸಂಡೂರಿನ ಗುಡ್ಡಗಳಿಂದ ಅಂಕೋಲದ ಬೇಲೆಕೇರಿ ಬಂದರಿನವರೆಗೆ ಲಾರಿಗಳ ಸಾಲು. ನಿಮ್ಮ ಕಥೆ ಆ ಕಾಲದ್ದಾದರೆ ಒಂದು ಹಾಳೆ ತೆಗೆದುಕೊಂಡು ಒಂದೇ ಒಂದು ಲಾರಿಯ ಒಂದೇ ಒಂದು ಟ್ರಿಪ್ಪಿನ ಲೆಕ್ಕ ಬರೆಯಿರಿ. ಹತ್ತು ಚಕ್ರದ ಲಾರಿಗೆ ಆಗ ಕಾನೂನು ಒಪ್ಪುತ್ತಿದ್ದ ಒಟ್ಟು ತೂಕ 25 ಟನ್. ಅದು 28.5 ಟನ್ ಆದದ್ದು 2018ರಲ್ಲಿ. 2008ರ ಕಥೆಯಲ್ಲಿ ಆ ಅಂಕಿ ಹಾಕಿದರೆ ನಮ್ಮ ಊರಿನ ಯಾವ ಚಾಲಕನಾದರೂ ನಗುತ್ತಾನೆ. ಖಾಲಿ ಲಾರಿಯೇ ಒಂಬತ್ತು ಹತ್ತು ಟನ್ ತೂಗುತ್ತದೆ. ಉಳಿದದ್ದು ಕಾನೂನಿನ ಅದಿರು, ಅದರ ಮೇಲೆ ಹೇರಿದ್ದು ನಿಮ್ಮ ಸಿನಿಮಾ.

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಾಗದದಲ್ಲಿ ಕಾಣುವುದು: ಪರ್ಮಿಟ್, ಡೀಸೆಲ್, ಚಾಲಕನ ಭತ್ಯೆ, ವೇಬ್ರಿಡ್ಜ್ ಚೀಟಿ, ಟಾರ್ಪಾಲು. ಬಲಕ್ಕೆ ಕಾಗದದಲ್ಲಿ ಕಾಣದ್ದು: ಒಂದೇ ಪರ್ಮಿಟ್ಟಿನ ಎರಡನೆಯ ಓಟ, ತೂಕದ ಚೀಟಿಯಲ್ಲಿ ಬದಲಾದ ಅಂಕಿ, ತನಿಖಾ ಠಾಣೆಯಲ್ಲಿ ಏಳಬೇಕಾದ ಗೇಟು ಏಳುವುದಕ್ಕೆ ಕೊಟ್ಟದ್ದು. ಬರೆಯುತ್ತ ಹೋದಂತೆ ಪ್ರತಿ ಸಾಲಿಗೂ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ತೂಕದ ಗುಮಾಸ್ತ, ಗೇಟಿನ ಕಾವಲುಗಾರ, ನಿದ್ದೆಗೆಟ್ಟ ಚಾಲಕ, ಟಾರ್ಪಾಲು ಕಟ್ಟುವ ಹುಡುಗ, ಪಂಕ್ಚರ್ ಅಂಗಡಿಯವನು, ಢಾಬಾದ ಯಜಮಾನ. ನಿಮ್ಮ ಪಾತ್ರಗಳು ಇವರೇ. ನಾಯಕ ಇವರಲ್ಲಿ ಒಬ್ಬನಾಗಿ ಶುರುವಾಗಬೇಕು. ಎಡಗಡೆಯ ಅಂಕಿಗೂ ಬಲಗಡೆಯ ಅಂಕಿಗೂ ಇರುವ ಅಂತರ ಅವನ ಕಣ್ಣಿಗೆ ಬೀಳುವ ಗಳಿಗೆಯಲ್ಲಿ ನಿಮ್ಮ ಕಥೆ ಶುರುವಾಗುತ್ತದೆ. ಹುಟ್ಟು, ಬಾಲ್ಯ, ಅಪ್ಪನ ಕೊಲೆ ಎಲ್ಲ ಆಮೇಲೆ ಬೇಕಾದರೆ ನೋಡೋಣ.

ಏರುವುದು, ಬೀಳುವುದು

ಗಡಿ ಜಿಲ್ಲೆಯವರಾದ ನಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬಳ್ಳಾರಿಯ ಚಿತ್ರಮಂದಿರಗಳಲ್ಲಿ ತೆಲುಗು ಸಿನಿಮಾ ಕನ್ನಡದಷ್ಟೇ ನಮ್ಮದು. ರಾಯಲಸೀಮೆಯ ಕಡೆಯ ಫ್ಯಾಕ್ಷನ್ ಚಿತ್ರಗಳನ್ನು ನೋಡಿಯೇ ನಮ್ಮ ಹುಡುಗರು ಬೆಳೆದಿದ್ದಾರೆ. ಸುಮೋಗಳ ಸಾಲು, ನಾಡಬಾಂಬು, ಎರಡು ಮನೆತನಗಳ ತಲೆಮಾರಿನ ಹಗೆ. ಅದೇ ಬೇರೆ ಜಾತಿಯ ಸಿನಿಮಾ. ಫ್ಯಾಕ್ಷನ್ ನಾಯಕನಿಗೆ ಹಗೆಯೂ ಗದ್ದುಗೆಯೂ ಮನೆಯಿಂದ ಬರುತ್ತವೆ, ಅವನು ಅದನ್ನು ಹೊತ್ತು ನಡೆಯಬೇಕು. ಗ್ಯಾಂಗ್‌ಸ್ಟರನಿಗೆ ಮನೆಯಿಂದ ಏನೂ ಬಂದಿರುವುದಿಲ್ಲ, ಮೆಟ್ಟಿಲು ಹತ್ತಿ ಗಳಿಸಬೇಕು. ಮೊದಲನೆಯದರಲ್ಲಿ ಊರು ಮುಖ್ಯ, ಎರಡನೆಯದರಲ್ಲಿ ಮೆಟ್ಟಿಲು ಮುಖ್ಯ. ಎರಡನ್ನೂ ಬೆರೆಸಿದರೆ ನಾಯಕ ಯಾಕೆ ಹೊಡೆದಾಡುತ್ತಿದ್ದಾನೆಂಬುದೇ ಮಧ್ಯಂತರದ ಹೊತ್ತಿಗೆ ಮರೆತುಹೋಗಿರುತ್ತದೆ.

ಏರಿಕೆಯನ್ನು ತೋರಿಸಲು ಹಳೆಯ ಚಿತ್ರಗಳು ಬೇಗಬೇಗ ಸರಿಯುವ ದೃಶ್ಯಮಾಲೆ ಹಾಕುತ್ತವೆ: ನೋಟಿನ ಎಣಿಕೆ, ಹೊಸ ಸೂಟು, ಹೊಸ ಕಾರು. ನಮ್ಮಲ್ಲಿ ಅದನ್ನು ಲಾರಿಯ ಹಣೆಯಲ್ಲೇ ತೋರಿಸಬಹುದು. ಸಾಲದ ಮೇಲೆ ಕೊಂಡ ಮೊದಲ ಹಳೆಯ ಲಾರಿಗೆ ದೇವರ ಹೆಸರು, ಎರಡನೆಯದಕ್ಕೆ ಮಗಳ ಹೆಸರು, ಸಾಲುಸಾಲಾಗಿ ಬಂದವಕ್ಕೆಲ್ಲ ತನ್ನದೇ ಹೆಸರು. ಮಾತು ಬೇಕಿಲ್ಲ.

‘ಸ್ಕಾರ್‌ಫೇಸ್’ನಲ್ಲಿ ಜಗತ್ತು ನಿನ್ನದು ಎಂದು ಹೊಳೆಯುವ ಒಂದು ಪ್ರವಾಸ ಕಂಪನಿಯ ಜಾಹೀರಾತು ಫಲಕ ಬರುತ್ತದೆ. ನಾಯಕ ಅದನ್ನು ಕಿಟಕಿಯಿಂದ ಆಸೆಯಿಂದ ನೋಡುತ್ತಾನೆ, ಕೊನೆಗೆ ಅದರ ಕೆಳಗೇ ಸಾಯುತ್ತಾನೆ. ನಮಗೆ ಆ ಫಲಕದ ಜಾಗದಲ್ಲಿ ಫ್ಲೆಕ್ಸ್ ಇದೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿನಷ್ಟು ನಿಖರವಾದ ಅಧಿಕಾರದ ನಕ್ಷೆ ಇನ್ನೊಂದಿಲ್ಲ. ನಡುವೆ ಯಾರ ಮುಖ, ಎಷ್ಟು ದೊಡ್ಡದು. ಕೆಳಸಾಲಿನಲ್ಲಿ ಅಂಚೆಚೀಟಿ ಗಾತ್ರದಲ್ಲಿ ಯಾರು. ಕೈಮುಗಿದವರು ಯಾರು, ಫೋನಿನಲ್ಲಿ ಮಾತಾಡುತ್ತಿರುವವರು ಯಾರು. ನಿಮ್ಮ ನಾಯಕ ಮೊದಲ ಅಂಕದಲ್ಲಿ ಕೆಳಸಾಲಿನ ಮೂಲೆಯಲ್ಲಿರಲಿ. ಮುಂದಿನ ವರ್ಷದ ಫ್ಲೆಕ್ಸಿನಲ್ಲಿ ಮೇಲಿನ ಸಾಲಿಗೆ ಬರಲಿ. ಇನ್ನೊಂದರಲ್ಲಿ ಹಳೆಯ ಧಣಿಯಷ್ಟೇ ದೊಡ್ಡವನಾಗಲಿ. ಆ ರಾತ್ರಿ ಧಣಿಗೆ ನಿದ್ದೆ ಬರುವುದಿಲ್ಲ, ಪ್ರೇಕ್ಷಕನಿಗೂ ಅದು ಗೊತ್ತಾಗುತ್ತದೆ. ದ್ರೋಹ ಹತ್ತಿರವಾದಾಗ ಒಂದು ಮುಖ ಕಾಣೆಯಾಗಲಿ.

ಬೀಳುವ ವಿಷಯ. ಈ ಪತನ ಅರ್ಧ ಕಾನೂನಿನಿಂದ ಬಂದ ರೂಢಿ. ‘ಸ್ಕಾರ್‌ಫೇಸ್’ ಬಿಡುಗಡೆಗೆ ಮುಂಚೆ ಸೆನ್ಸಾರಿನವರು ಅದನ್ನು ತಿಂಗಳುಗಟ್ಟಲೆ ತಡೆದರು. ದೇಶಕ್ಕೆ ನಾಚಿಕೆ ಎಂಬ ಅಡಿಶೀರ್ಷಿಕೆ ಸೇರಿಸಬೇಕಾಯಿತು, ನಾಯಕನನ್ನು ಗಲ್ಲಿಗೇರಿಸುವ ಇನ್ನೊಂದು ಅಂತ್ಯವನ್ನೂ ಚಿತ್ರೀಕರಿಸಬೇಕಾಯಿತು. 1934ರಿಂದ ಹಾಲಿವುಡ್‌ನಲ್ಲಿ ನೀತಿಸಂಹಿತೆ ಬಿಗಿಯಾದ ಮೇಲಂತೂ ಅಪರಾಧಿಗೆ ಶಿಕ್ಷೆಯಾಗದೆ ಚಿತ್ರ ಮುಗಿಯುವಂತೆಯೇ ಇರಲಿಲ್ಲ. ಆದರೆ ಸೆನ್ಸಾರಿಗಾಗಿ ಬರೆದ ಪತನ ಸಪ್ಪೆ. ಯಾವ ಗುಣದಿಂದ ಏರಿದನೋ ಅದೇ ಗುಣದಿಂದ ಬೀಳಬೇಕು. ಇದನ್ನು ನಾವು ಶಿಕಾಗೋದಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ರನ್ನನ ದುರ್ಯೋಧನನನ್ನು ಶಾಲೆಯಲ್ಲಿ ಓದಿದವರು ನಾವು. ಸಂಧಿಗೆ ಒಪ್ಪು ಎಂದು ಭೀಷ್ಮರು ಹೇಳಿದರೂ ಒಪ್ಪದ ಛಲ ಅವನದು. ಅದೇ ಅವನ ದೊಡ್ಡತನ, ಅದೇ ಅವನ ಸಾವು. ಅವನು ತಪ್ಪಿತಸ್ಥನೆಂದು ಗೊತ್ತಿದ್ದೂ ವೈಶಂಪಾಯನ ಸರೋವರದ ಹತ್ತಿರ ನಮ್ಮ ಮನಸ್ಸು ಅವನ ಕಡೆ ವಾಲುತ್ತದಲ್ಲ, ಗ್ಯಾಂಗ್‌ಸ್ಟರ್ ಸಿನಿಮಾಕ್ಕೆ ಬೇಕಾದದ್ದು ಆ ವಾಲುವಿಕೆ.

ರಾಬರ್ಟ್ ವಾರ್ಶೋ ಎಂಬ ಅಮೆರಿಕದ ವಿಮರ್ಶಕ 1948ರಲ್ಲೇ ಗ್ಯಾಂಗ್‌ಸ್ಟರನನ್ನು ದುರಂತ ನಾಯಕ ಎಂದು ಕರೆದಿದ್ದ. ಗೆದ್ದಷ್ಟೂ ಅವನು ಒಂಟಿಯಾಗುತ್ತಾನೆ, ಒಂಟಿಯಾದವನನ್ನು ಹೊಡೆಯುವುದು ಸುಲಭ ಎಂಬುದು ವಾರ್ಶೋನ ವಾದದ ತಿರುಳು. ಇದನ್ನು ದೃಶ್ಯವಾಗಿಸಲು ನಾನು ಹೇಳಿಕೊಡುವ ಉಪಾಯ ಊಟದ್ದು. ನಿಮ್ಮ ಚಿತ್ರಕಥೆಯಲ್ಲಿ ಊಟದ ದೃಶ್ಯಗಳನ್ನೆಲ್ಲ ಗುರುತು ಹಾಕಿ, ಪ್ರತಿ ದೃಶ್ಯದಲ್ಲಿ ಎಷ್ಟು ತಟ್ಟೆಗಳಿವೆ ಎಂದು ಎಣಿಸಿ. ಶುರುವಿನಲ್ಲಿ ಬಂಡಿಯ ಮುಂದೆ ನಿಂತು ಒಂದೇ ಪ್ಲೇಟಿನ ಒಗ್ಗರಣೆ ಮಿರ್ಚಿಯನ್ನು ನಾಲ್ವರು ಹಂಚಿಕೊಳ್ಳುತ್ತಾರೆ. ನಡುವೆ ಢಾಬಾದಲ್ಲಿ ದೊಡ್ಡ ಪಂಕ್ತಿ, ಬಿಲ್ಲು ಅವನದು. ಕೊನೆಯ ಹೊತ್ತಿಗೆ ಹನ್ನೆರಡು ಕುರ್ಚಿಯ ಮೇಜಿನಲ್ಲಿ ಅವನೊಬ್ಬನೇ, ರೊಟ್ಟಿಯ ಮೊದಲ ತುತ್ತನ್ನು ಅಡಿಗೆಯವನಿಗೆ ತಿನ್ನಿಸಿ ಆಮೇಲೆ ತಾನು ತಿನ್ನುತ್ತಾನೆ. ತಟ್ಟೆಗಳ ಸಂಖ್ಯೆ ಏರಿ ಇಳಿಯದಿದ್ದರೆ ನಿಮ್ಮ ಕಥೆಯ ಗೆರೆಯಲ್ಲೂ ಏನೋ ಕೊರತೆ ಇದೆ.

ಪ್ರವೇಶ ಮತ್ತು ಅಹವಾಲು

ನಾಯಕನ ಪ್ರವೇಶವನ್ನು ಮೊದಲು ಇನ್ನೊಬ್ಬರ ಬಾಯಲ್ಲಿ ಕಟ್ಟುವುದು ಈಗಿನ ಕನ್ನಡ ಚಿತ್ರಗಳಲ್ಲಿ ಕಡ್ಡಾಯವಾಗಿಬಿಟ್ಟಿದೆ. 2018ರ ‘ಕೆಜಿಎಫ್’ನಲ್ಲಿ ಹಿರಿಯ ಪತ್ರಕರ್ತನೊಬ್ಬ ಕಥೆ ಹೇಳುತ್ತಾನೆ. ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದು ಕುಣಿದ ಮೇಲೆ ಸಾರಥಿ ಕೇಳುತ್ತಾನೆ, ತಾವು ಯಾರು, ಯಾವ ಪಟ್ಟಣ, ಹೆಸರೇನು ಎಂದು. ‘ಭಳಿರೇ ಸಾರಥಿ’ ಎಂದು ರಾಜ ತನ್ನ ಪ್ರತಾಪ ಹೇಳಿಕೊಳ್ಳುತ್ತಾನೆ. ಸಾರಥಿ ಸುಮ್ಮನೆ ಹೊಗಳುವುದಿಲ್ಲ, ನಡುನಡುವೆ ಕಾಲೆಳೆಯುತ್ತಾನೆ, ಜನ ನಗುತ್ತಾರೆ. ನಮ್ಮ ಸಿನಿಮಾಗಳು ಪ್ರತಾಪವನ್ನು ಉಳಿಸಿಕೊಂಡು ಸಾರಥಿಯ ಕೊಂಕನ್ನು ಕಳೆದುಕೊಂಡಿವೆ. ನಿಮ್ಮ ನಿರೂಪಕನಿಗೆ ಆ ಕೊಂಕನ್ನು ವಾಪಸು ಕೊಡಿ. ನಾಯಕನನ್ನು ಪೂರ್ತಿ ನಂಬದ ಒಬ್ಬನ ಬಾಯಲ್ಲಿ ಬಂದ ಹೊಗಳಿಕೆಗೇ ತೂಕ.

ಪ್ರವೇಶಕ್ಕಿಂತ ನನಗೆ ಹೆಚ್ಚು ಇಷ್ಟವಾದ ರೂಢಿ ಅಹವಾಲಿನದು. 1972ರ ‘ದಿ ಗಾಡ್‌ಫಾದರ್’ ಶುರುವಾಗುವುದೇ ಮಗಳಿಗೆ ನ್ಯಾಯ ಕೇಳಲು ಬಂದ ತಂದೆಯ ಮುಖದಿಂದ. ಕೇಳಿಸಿಕೊಳ್ಳುತ್ತಿರುವ ಧಣಿ ತಡವಾಗಿ ಕಾಣುತ್ತಾನೆ. 1987ರ ತಮಿಳಿನ ‘ನಾಯಕನ್’ನಲ್ಲೂ ಕಷ್ಟ ಹೇಳಿಕೊಳ್ಳಲು ಜನ ಬರುತ್ತಾರೆ. ಕಚೇರಿ, ಕೋರ್ಟು, ಠಾಣೆ ಯಾವುದೂ ಕೊಡದ ಪರಿಹಾರವನ್ನು ಇವನು ಕೊಡುತ್ತಾನೆ ಎಂಬುದನ್ನು ತೋರಿಸದೆ ಹೋದರೆ ಜನ ಯಾಕೆ ಅವನನ್ನು ಒಪ್ಪಿಕೊಂಡರೆಂದು ತಿಳಿಯುವುದಿಲ್ಲ.

ಅಹವಾಲು ನಿಮ್ಮ ಊರಿನದೇ ಆಗಿರಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮನೆಮನೆಯ ಕೆಲಸ. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಹೊಲಿಯುತ್ತಾರೆ, ಇನ್ನೊಂದು ಕಡೆ ವಾಷಿಂಗ್, ಮತ್ತೊಂದು ಕಡೆ ಗುಂಡಿ, ದಾರ ಕತ್ತರಿಸುವುದು, ಇಸ್ತ್ರಿ. ಮಾಲು ಹೊರರಾಜ್ಯದ ವ್ಯಾಪಾರಿಗೆ ಹೋಗುತ್ತದೆ, ಹಣ ಮಾತ್ರ ಬರುವುದಿಲ್ಲ. ಇಂಥ ಒಬ್ಬ ವಾಷಿಂಗ್ ಘಟಕದವನು ನಿಮ್ಮ ಧಣಿಯ ಮುಂದೆ ಬಂದು ಕೂರಲಿ. ‘ಅಣ್ಣಾ, ದಸರಾಕ್ಕೆ ಕೊಟ್ಟ ಮಾಲು, ಯುಗಾದಿ ಬಂದರೂ ದುಡ್ಡಿಲ್ಲ’ ಎನ್ನಲಿ. ಧಣಿ ಹಣ ವಸೂಲು ಮಾಡಿಸಿಕೊಡುತ್ತಾನೆ, ಕಮಿಷನ್ ಬೇಡ ಎನ್ನುತ್ತಾನೆ. ಪ್ರೇಕ್ಷಕ ಅವನನ್ನು ಮೆಚ್ಚುತ್ತಾನೆ. ಅರ್ಧ ಗಂಟೆ ಕಳೆದ ಮೇಲೆ ಒಂದು ಫೋನು: ‘ನಿನ್ನ ಗೋದಾಮಿನಲ್ಲಿ ಇವತ್ತು ರಾತ್ರಿ ಒಂದು ಸಾಮಾನು ಇರಲಿ.’ ಆ ಬಡಪಾಯಿ ಇಲ್ಲವೆನ್ನಲಾರ. ಉಪಕಾರ ಸಾಲವಾಗಿ ತಿರುಗುವ ಈ ಎರಡು ದೃಶ್ಯಗಳ ನಡುವಿನ ಅಂತರವನ್ನು ಎಚ್ಚರದಿಂದ ಅಳೆಯಿರಿ. ಬೇಗ ಬಂದರೆ ಧಣಿ ಚಿಲ್ಲರೆಯವನಾಗಿ ಕಾಣುತ್ತಾನೆ, ತಡವಾದರೆ ಜನ ಮರೆಯುತ್ತಾರೆ.

ಸುತ್ತಲಿನವರು

ಗೆಳೆಯ, ಮುಂಗೋಪಿ ತಮ್ಮ, ಗುಟ್ಟು ಬಲ್ಲ ಲೆಕ್ಕಿಗ, ಪೊಲೀಸು. ಇವರು ಎಲ್ಲ ಚಿತ್ರಗಳಲ್ಲೂ ಇದ್ದಾರೆ, ಇರಲಿ. ಒಟ್ಟಿಗೆ ಬೆಳೆದ ಇಬ್ಬರಲ್ಲಿ ಒಬ್ಬ ಈ ಕಡೆ, ಒಬ್ಬ ಆ ಕಡೆ ಎಂಬುದು ಕನಿಷ್ಠ 1938ರಷ್ಟು ಹಳೆಯದು. ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ನಲ್ಲಿ ಒಬ್ಬ ಪಾದ್ರಿಯಾಗಿದ್ದ, ‘ದೀವಾರ್’ನಲ್ಲಿ ಪೊಲೀಸಾದ. ನಮ್ಮಲ್ಲಿ ಅವನು ತಹಶೀಲ್ದಾರ್ ಕಚೇರಿಯ ಗುಮಾಸ್ತನೋ ಅರಣ್ಯ ಇಲಾಖೆಯ ಗಾರ್ಡೋ ಆಗಲಿ. ಗುಡ್ಡದ ಮೇಲಿನ ಗಡಿಗುರುತಿನ ಕಲ್ಲು ಯಾರ ರಾತ್ರಿ ಕೆಲಸದಿಂದ ಸರಿಯಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಪ್ರಾಮಾಣಿಕ ಅಧಿಕಾರಿಯನ್ನು ಗುಂಡಿಟ್ಟು ಕೊಲ್ಲುವ ದೃಶ್ಯಕ್ಕೆ ಕತ್ತರಿ ಹಾಕಿ, ಒಂದು ವರ್ಗಾವಣೆ ಆದೇಶ ಸಾಕು. ಅದು ಅಗ್ಗ, ನಂಬುವಂಥದ್ದು, ಹೆಚ್ಚು ಭಯಾನಕವೂ ಹೌದು.

ತಾಯಿಯ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಕನ್ನಡದಲ್ಲಿ ‘ಜೋಗಿ’ ಬಂದದ್ದು 2005ರಲ್ಲಿ. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬರುವ ಅದರ ತಾಯಿ ಥಿಯೇಟರನ್ನೇ ಅಳಿಸಿದಳು, ಸರಿಯಾಗಿಯೇ ಅಳಿಸಿದಳು. ಆಮೇಲಿನ ತಾಯಂದಿರಲ್ಲಿ ಎಷ್ಟೋ ಮಂದಿ ಫೋಟೊದಲ್ಲಿರುವವರು, ಇಲ್ಲವೇ ಆಸ್ಪತ್ರೆಯ ಮಂಚದಲ್ಲಿರುವವರು. ತಾಯಿಗೆ ಒಂದು ಕೆಲಸ ಕೊಡಿ. ಪೀಸಿನ ಲೆಕ್ಕದಲ್ಲಿ ಜೀನ್ಸಿನ ದಾರ ಕತ್ತರಿಸುವ ಹೆಂಗಸಿಗೆ ಒಂದು ಪ್ಯಾಂಟಿಗೆ ಎಷ್ಟು ಸಿಗುತ್ತದೆ, ದಿನಕ್ಕೆ ಎಷ್ಟು ಆಗುತ್ತದೆ ಎಂದು ಬಾಯಲ್ಲೇ ಇರುತ್ತದೆ. ಮಗ ತಂದಿಟ್ಟ ನೋಟಿನ ಕಟ್ಟನ್ನು ಅವಳು ಅತ್ತು ತಳ್ಳುವುದಿಲ್ಲ, ಎಣಿಸುತ್ತಾಳೆ. ಎಣಿಸಿ, ಇಷ್ಟು ಪ್ಯಾಂಟು ನಾನು ಈ ಜನ್ಮದಲ್ಲಿ ಮಾಡಲಾರೆನಲ್ಲ, ನೀನು ಒಂದು ವಾರದಲ್ಲಿ ಹೇಗೆ ಮಾಡಿದೆ ಎಂದು ಕೇಳುತ್ತಾಳೆ. ‘ಕೆಟ್ಟ ದುಡ್ಡು ನನಗೆ ಬೇಡ’ ಎಂಬ ಮಾತಿಗಿಂತ ಆ ಪ್ರಶ್ನೆ ಮಗನಿಗೆ ಹೆಚ್ಚು ಚುಚ್ಚುತ್ತದೆ.

ಉಳಿದ ಹೆಂಗಸರೂ ಈ ಪ್ರಕಾರದಲ್ಲಿ ಕಾಯುವವರೇ. ಪ್ರೇಯಸಿ ಕಾಯುತ್ತಾಳೆ, ಹೆಂಡತಿ ಬಾಗಿಲ ಬಳಿ ಕಾಯುತ್ತಾಳೆ, ಬಾರಿನ ಹಾಡುಗಾರ್ತಿ ಒಂದು ಹಾಡು ಹಾಡಿ ಗುಟ್ಟು ಹೇಳಿ ಸಾಯುತ್ತಾಳೆ. ನಾನು ಕಂಡ ಕಚೇರಿಗಳಲ್ಲಿ ಕಾಯುತ್ತ ಕೂತ ಹೆಂಗಸರು ಯಾರೂ ಇರಲಿಲ್ಲ. ಚೀಟಿ ಬರೆಯುತ್ತಿದ್ದೆವು, ಫೋನ್ ಎತ್ತುತ್ತಿದ್ದೆವು, ಯಾವ ಲಾರಿ ಎಲ್ಲಿದೆ ಎಂದು ಧಣಿಗಿಂತ ಮೊದಲು ನಮಗೆ ಗೊತ್ತಿರುತ್ತಿತ್ತು. ನಮ್ಮ ಮುಂದೆ ಯಾರೂ ದನಿ ತಗ್ಗಿಸುತ್ತಿರಲಿಲ್ಲ, ಏಕೆಂದರೆ ನಾವು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಒಬ್ಬ ಚಿತ್ರಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತಾಳೆ? ದ್ರೋಹ ಬರೆಯುವಾಗಲೂ ಇವಳನ್ನು ನೆನೆಯಿರಿ. ಎದೆಗೆ ಚೂರಿ ಹಾಕುವ ಗೆಳೆಯನನ್ನು ಜನ ಮೊದಲ ರೀಲಿನಲ್ಲೇ ಗುರುತಿಸಿರುತ್ತಾರೆ. ಎರಡು ವರ್ಷದ ಸಂಬಳ ಸಿಗದ ಗುಮಾಸ್ತೆ ನಕಲು ಪ್ರತಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗುವುದನ್ನು ಯಾರೂ ಗಮನಿಸುವುದಿಲ್ಲ.

ಮಳೆಯಿಲ್ಲದ ರಾತ್ರಿಗಳು

ಹಾಲಿವುಡ್‌ನ ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ರಾತ್ರಿ, ಒದ್ದೆ ರಸ್ತೆ, ಅದರ ಮೇಲೆ ಬಿದ್ದ ದೀಪದ ಬೆಳಕು ಇರುತ್ತವೆ. ನಮ್ಮ ಹುಡುಗರೂ ನೀರಿನ ಟ್ಯಾಂಕರ್ ತರಿಸಿ ರಸ್ತೆ ಒದ್ದೆ ಮಾಡುತ್ತಾರೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ಇದು. ಕುಡಿಯುವ ನೀರಿಗೆ ಬಿಂದಿಗೆ ಸಾಲಿಟ್ಟವರ ಮುಂದೆ ಟ್ಯಾಂಕರ್ ಸುರಿದರೆ ಬೈಗುಳ ಖಂಡಿತ. ಅಪಾಯವನ್ನು ಮಧ್ಯಾಹ್ನಕ್ಕೆ ತನ್ನಿ. ಅಂಗಡಿಗಳು ಅರ್ಧ ಬಾಗಿಲು ಹಾಕಿ, ಬೀದಿ ಬರಿದಾಗಿ, ಕೋಟೆಗುಡ್ಡದ ಬಂಡೆಗಳು ಕಾದು ನಿಂತಿರುವ ಎರಡು ಗಂಟೆಯ ಹೊತ್ತು ಯಾವ ರಾತ್ರಿಗೂ ಕಡಿಮೆಯಲ್ಲ. ಅಡಗಲು ನೆರಳೇ ಇಲ್ಲದ ಕಡೆ ಒಬ್ಬನನ್ನು ಅಟ್ಟಿಸಿಕೊಂಡು ಹೋಗುವುದನ್ನು ಬರೆದು ನೋಡಿ.

ಮಾತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಅಂಗಡಿಯ ಕಟ್ಟೆಯಲ್ಲಿ ಕೂರುತ್ತವೆ. ಪ್ರತಿ ಪಾತ್ರವೂ ಯಾರೊಂದಿಗೆ ಯಾವ ಭಾಷೆ ಆಡುತ್ತದೆಂದು ಪಟ್ಟಿ ಮಾಡಿಕೊಳ್ಳಿ. ಚೌಕಾಸಿ ಒಂದರಲ್ಲಿ, ಬೆದರಿಕೆ ಇನ್ನೊಂದರಲ್ಲಿ, ದೇವರ ಮುಂದೆ ಮತ್ತೊಂದರಲ್ಲಿ. ಧಣಿ ಇದ್ದಕ್ಕಿದ್ದಂತೆ ಭಾಷೆ ಬದಲಿಸಿದನೆಂದರೆ ಎದುರಿಗಿದ್ದವನ ಗ್ರಹಚಾರ ಬದಲಾಯಿತೆಂದೇ ಅರ್ಥ. ಬೆಂಗಳೂರಿನ ರೌಡಿ ಚಿತ್ರಗಳ ಮಾತನ್ನು ಎತ್ತಿ ತಂದು ಕೌಲ್ ಬಜಾರಿನಲ್ಲಿ ಆಡಿಸಬೇಡಿ.

ಮಚ್ಚಿನ ಬಗ್ಗೆ ಬೇಗ ಮುಗಿಸುತ್ತೇನೆ. 1995ರ ‘ಓಂ’ ನಿಜವಾದ ರೌಡಿಗಳನ್ನೇ ಪರದೆಗೆ ತಂದಿತು. ಅಲ್ಲಿಂದ ಈಚೆಗೆ ಕನ್ನಡದಲ್ಲಿ ಪಿಸ್ತೂಲಿಗಿಂತ ಲಾಂಗಿಗೆ ಹೆಚ್ಚು ಮರ್ಯಾದೆ. ಒಂದು ಚಿತ್ರಕ್ಕೆ ಒಂದು ಬಾರಿ ಹೊರಬಂದರೆ ಸಾಕು, ಅದೂ ಚಿಕ್ಕ ಹೊತ್ತು. ಉಳಿದ ಕಡೆಯೆಲ್ಲ ಹೊಡೆತಕ್ಕೆ ಮುಂಚಿನ ಮೌನ, ಹೊಡೆತದ ನಂತರದ ಆಸ್ಪತ್ರೆ ಬಿಲ್ಲು ತೋರಿಸಿ.

ಕೊನೆ ಹೇಗೆ?

ಸಾವು ಹಳೆಯ ಅಂತ್ಯ. ‘ದಿ ಪಬ್ಲಿಕ್ ಎನಿಮಿ’ಯಲ್ಲಿ ನಾಯಕನ ಶವವನ್ನು ಅವನ ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ. ತೊಂಬತ್ತು ವರ್ಷ ದಾಟಿದರೂ ಅದನ್ನು ಮೀರಿಸುವುದು ಕಷ್ಟ. 1990ರ ‘ಗುಡ್‌ಫೆಲಾಸ್’ ಇನ್ನೊಂದು ದಾರಿ ತೋರಿಸಿತು: ಬದುಕಿ ಉಳಿದು, ಎಲ್ಲರ ಹಾಗೆ ಸಾಮಾನ್ಯನಾಗಿ ಬಾಳಬೇಕಾದ ಶಿಕ್ಷೆ. ಮೂರನೆಯದು ನಮ್ಮಲ್ಲಿ ಜನಪ್ರಿಯ, ಅವನು ಚುನಾವಣೆಗೆ ನಿಲ್ಲುತ್ತಾನೆ. ಅದನ್ನು ಬರೆಯುವವರು ವ್ಯಂಗ್ಯವೆಂದುಕೊಂಡು ಬರೆಯುತ್ತಾರೆ, ನೋಡುವವರು ಶಿಳ್ಳೆ ಹೊಡೆಯುತ್ತಾರೆ. ಆ ಅಪಾಯ ಗೊತ್ತಿದ್ದರೆ ಮಾತ್ರ ಬರೆಯಿರಿ.

ಅದಿರಿನ ಕಥೆಗೆ ಊರೇ ಕೊಟ್ಟ ಅಂತ್ಯ ಬೇರೆ ಇದೆ. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಸಲ್ಲಿಕೆಯಾಯಿತು. ಎರಡು ದಿನ ಕಳೆದು 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗುಂಡು ಹಾರಲಿಲ್ಲ, ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಲಾರಿಗಳು ನಿಂತವು. ನಿಂತ ಲಾರಿಗೂ ಕಂತು ಕಟ್ಟಬೇಕು. ಚಾಲಕರು ಊರು ಬಿಟ್ಟರು, ಪಂಕ್ಚರ್ ಅಂಗಡಿಯವನು ಬಾಗಿಲು ಹಾಕಿದ, ಒಳ್ಳೆಯ ಲಾರಿಗಳೂ ಗುಜರಿಯ ದರಕ್ಕೆ ಹೋದವು. 2013ರಲ್ಲಿ ಕೋರ್ಟು ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ ಮೊದಲ ಎರಡಕ್ಕೆ ಅನುಮತಿ ಕೊಟ್ಟಿತು, ಸಿ ವರ್ಗದ ಗುತ್ತಿಗೆಗಳು ರದ್ದಾದವು. ಮೊದಲ ದಿನ ಬರೆದ ಆ ಎರಡು ಅಂಕಣದ ಹಾಳೆಯಲ್ಲಿ ಬಲಗಡೆ ಒಮ್ಮೆಗೇ ಸೊನ್ನೆಯಾದರೆ ನಿಮ್ಮ ಒಂದೊಂದು ಪಾತ್ರಕ್ಕೂ ಏನಾಗುತ್ತದೆ? ಕೊನೆಯ ಇಪ್ಪತ್ತು ನಿಮಿಷ ಅದನ್ನೇ ಬರೆಯಿರಿ. ಧಣಿಗೆ ಆಗುವುದು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಕಡಿಮೆ.

ಚಿತ್ರೀಕರಣಕ್ಕೆ ಹೊರಡುವ ಮುನ್ನ

ನಿಜವಾದ ಹೆಸರು ಬದಲಿಸಿದರೆ ಸಾಲದು. ಊರು ಚಿಕ್ಕದು, ಅಡ್ಡಹೆಸರು, ಗಾಡಿಯ ಬಣ್ಣ, ಮನೆಯ ಕಮಾನು ನೋಡಿಯೇ ಜನ ಗುರುತಿಸುತ್ತಾರೆ. ವೃತ್ತಿ, ವಯಸ್ಸು, ಕುಟುಂಬ ಎಲ್ಲವನ್ನೂ ಕಲಸಿ ಹೊಸದಾಗಿ ಮಾಡಿ. 2008ರ ಕಥೆಯಲ್ಲಿ ಹೊಸಪೇಟೆಯನ್ನು ವಿಜಯನಗರ ಜಿಲ್ಲೆ ಎಂದು ಬರೆಯಬೇಡಿ, ಆ ಜಿಲ್ಲೆ ಆದದ್ದು 2021ರಲ್ಲಿ. ಹಂಪಿಯ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಅನುಮತಿ ಬೇಕು. ಗಣಿಯೊಳಗೆ ಹೋಗುವ ಯೋಚನೆ ಬಿಡಿ, ರಸ್ತೆಬದಿಯ ಧೂಳೇ ಸಾಕು. ಚಿತ್ರಮಂದಿರದಲ್ಲಿ ಹಾಕುವುದಾದರೆ ಪ್ರಮಾಣಪತ್ರ ಬೇಕು. 2024ರ ನಿಯಮಗಳಲ್ಲಿ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯು/ಎ ವರ್ಗವನ್ನು 7, 13, 16 ವರ್ಷ ಎಂದು ಒಡೆದಿದ್ದಾರೆ, ನಿಮ್ಮ ಮಚ್ಚು ಹೊರಬಂದಷ್ಟೂ ಆ ಸಂಖ್ಯೆ ಮೇಲೇರುತ್ತದೆ.

ರಟ್ಟಿನ ಮಚ್ಚಾದರೂ ದೂರದಿಂದ ನೋಡುವವರಿಗೆ ಅದು ಮಚ್ಚೇ. ಚೀಲದಲ್ಲಿ ಮುಚ್ಚಿ ಒಯ್ಯಿರಿ, ಕ್ಯಾಮೆರಾ ಸಿದ್ಧವಾದ ಮೇಲಷ್ಟೇ ತೆಗೆಯಿರಿ. ಎರಡು ದಿನ ಮುಂಚೆ ಆಯಾ ಠಾಣೆಗೆ ಹೋಗಿ ಸ್ಥಳ, ದಿನಾಂಕ, ಸಮಯ, ಎಷ್ಟು ಮಂದಿ ಎಂದು ಬರೆದ ಪತ್ರ ಕೊಡಿ. ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಅದನ್ನು ನಾಯಕನ ವೇಷ ಹಾಕಿದವನ ಜೇಬಿನಲ್ಲೇ ಇಡಿ. ಮೊದಲು ನಿಲ್ಲಿಸಿ ಕೇಳುವುದು ಅವನನ್ನೇ.